ಕೆಂಚವೀರಪ್ಪ ಮನೆ ನೋಡಲು ಬಂದದ್ದು

ಹರಿಹರದ ಕೆಂಚವೀರಪ್ಪ ನಮ್ಮ ಮನೆಯಲ್ಲಿ ಒಂದು ಲೋಟ ನೀರನ್ನೂ ಮುಟ್ಟದೆ ಎದ್ದುಹೋದ ದಿನ ನನಗೆ ಬಂದ ಸಿಟ್ಟು ಮೂರು ದಿನವಾದರೂ ಇಳಿಯಲಿಲ್ಲ. ನಮ್ಮತ್ತೆ ಶಾಂತಕುಮಾರಿಯವರು ಬೆಳ್ಳಿ ಲೋಟದಲ್ಲಿ ನೀರು ತಂದಿಟ್ಟಿದ್ದರು. ಅದು ಸಂಜೆಯವರೆಗೆ ಟೀಪಾಯಿಯ ಮೇಲೆ ಹಾಗೇ ಇತ್ತು. ಕೊನೆಗೆ ನಾನೇ ತೆಗೆದುಕೊಂಡು ಹೋಗಿ ಹಿತ್ತಲಿನ ಕರಿಬೇವಿನ ಗಿಡಕ್ಕೆ ಚೆಲ್ಲಿದೆ. ಚೆಲ್ಲುವಾಗಲೂ ಬೈದೆ. ಈಗ ಆ ಮನುಷ್ಯನ ಬಗ್ಗೆಯೇ ಬರೆಯಲು ಕೂತಿದ್ದೇನೆ. ಸಿಟ್ಟು ಇನ್ನೂ ಹಾಗೇ ಇದೆ, ಅವರ ಮೇಲಲ್ಲ ಅಷ್ಟೇ.

ಇದೆಲ್ಲ ಶುರುವಾದದ್ದು ನನ್ನ ಗಂಡ ಬಸವಕಿರಣನ ಹುಚ್ಚಿನಿಂದ. ದಾವಣಗೆರೆಯ ಚೌಕಿಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಮಾವ ಕರಿಬಸವರಾಜಪ್ಪನವರು ತೀರಿಕೊಂಡಾಗ ಆ ಅಂಗಡಿಯ ಜೊತೆಗೆ ಎರಡು ಟ್ರಂಕು ರೆಕಾರ್ಡುಗಳನ್ನೂ ಅವನ್ನು ತಿರುಗಿಸುವ ಒಂದು ಪ್ಲೇಯರನ್ನೂ ಬಿಟ್ಟುಹೋದರು. ವಿದ್ಯಾನಗರದಲ್ಲಿ ಹೊಸ ಮನೆ ಕಟ್ಟಿಸಿಕೊಂಡು ಬಂದ ಮೇಲೆ ಇವನಿಗೆ ಅವನ್ನೆಲ್ಲ ಮತ್ತೆ ಕೇಳಬೇಕೆನಿಸಿತು. ಕೇಳಲಿ, ಯಾರು ಬೇಡ ಅಂದರು. ಸ್ಪೀಕರು ಬಂತು, ಆಂಪ್ಲಿಫಯರು ಬಂತು. ಆಮೇಲೆ ಯಾವುದೋ ವಾಟ್ಸಾಪ್ ಗುಂಪಿನಲ್ಲಿ, ವಾಲ್ವಿನ ಪ್ರಿ-ಆಂಪ್ ಇಲ್ಲದೆ ರೆಕಾರ್ಡು ಕೇಳುವುದು ಬೆಣ್ಣೆ ಇಲ್ಲದ ದೋಸೆ ತಿಂದ ಹಾಗೆ ಎಂದು ಯಾರೋ ಬರೆದರು. ಅಷ್ಟೇ ಸಾಕಾಯಿತು.

ಪ್ರಿ-ಆಂಪ್ ಎಂದರೆ, ರೆಕಾರ್ಡಿನ ಸೂಜಿಯಿಂದ ಹೊರಡುವ ಇರುವೆಯಷ್ಟು ಸದ್ದನ್ನು ದೊಡ್ಡ ಆಂಪ್ಲಿಫಯರಿಗೆ ದಾಟಿಸುವ ಮೊದಲು ಸ್ವಲ್ಪ ಎತ್ತಿ ಕೊಡುವ ಪೆಟ್ಟಿಗೆ. ವಾಲ್ವ್ ಎಂದರೆ ಹಳೆಯ ರೇಡಿಯೊಗಳೊಳಗೆ ಕೆಂಪಗೆ ಉರಿಯುತ್ತಿದ್ದ ಗಾಜಿನ ಬುಡ್ಡಿ. ಇಂಥ ಪೆಟ್ಟಿಗೆಗಳು ಈಗಲೂ ಹೊಸದಾಗಿ ತಯಾರಾಗುತ್ತವೆ, ಹಳೆಯವೂ ಸಿಗುತ್ತವೆ. ಹೊಸದೋ ಹಳೆಯದೋ ಎಂಬ ಚರ್ಚೆ ನಮ್ಮ ಮನೆಯಲ್ಲಿ ಎರಡು ತಿಂಗಳು ನಡೆಯಿತು. ನನ್ನನ್ನು ಮದುವೆಗೆ ಒಪ್ಪಿಕೊಳ್ಳಲು ಇದೇ ಮನೆಯವರು ತೆಗೆದುಕೊಂಡದ್ದು ಹದಿನೈದು ನಿಮಿಷ.

ನನ್ನದು ಒಂದೇ ಮಾತು: ಬೇಡ. ತರಲೇಬೇಕೆಂದರೆ ಹೊಸದು. ನನ್ನ ಮಗಳಿಗೆ ಎರಡೂವರೆ ವರ್ಷ. ಅವಳ ಕೈಗೆ ಎಟುಕುವ ಪ್ರತಿಯೊಂದು ಪ್ಲಗ್ಗಿಗೂ ಪ್ಲಾಸ್ಟಿಕ್ ಮುಚ್ಚಳ ಹಾಕಿಸಿದವಳು ನಾನು. ಟೇಬಲ್ಲಿನ ಮೂಲೆಗಳಿಗೆ ರಬ್ಬರು ಅಂಟಿಸಿದ್ದೇನೆ. ಅವಳು ಮಲಗಿದ ಮೇಲೂ ಎರಡು ಸಲ ಎದ್ದು ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತೇನೆ. ವಾಲ್ವಿನ ಪೆಟ್ಟಿಗೆಯೊಳಗೆ ಮುನ್ನೂರು ವೋಲ್ಟ್ ಹರಿಯುತ್ತದೆ, ಸ್ವಿಚ್ ಆರಿಸಿದ ಮೇಲೂ ಅದು ಒಳಗೇ ಕಾದು ಕೂತಿರುತ್ತದೆ ಎಂದು ಮೊಬೈಲಿನಲ್ಲಿ ಓದಿದ ಮೇಲೆ ನನಗೆ ನೆಮ್ಮದಿಯೇ ಹೋಯಿತು. ಯಾರ್ಯಾರ ಮನೆಯಲ್ಲಿ ಏನೇನಾಗಿ ಬಂದಿತ್ತೋ ಗೊತ್ತಿಲ್ಲದ ಪೆಟ್ಟಿಗೆಯನ್ನು ನನ್ನ ಮಗುವಿನ ಪಕ್ಕ ತಂದಿಡುತ್ತೀಯಾ ಎಂದು ದಿನವೂ ಜಗಳ ಆಡಿದೆ. ಕಿರಣ ಮಾತ್ರ ಹರಿಹರದಲ್ಲಿ ಒಬ್ಬರಿದ್ದಾರೆ, ಒಂದು ಸಲ ಕೇಳಿ ನೋಡೋಣ ಬಾ ಎಂದು ಹಟ ಹಿಡಿದ. ಒಂದು ಭಾನುವಾರ ಮಗಳನ್ನು ಕರೆದುಕೊಂಡು ಹೋದೆವು.

ಅಂಗಡಿ ಎಂದರೆ ಮನೆಯ ಮುಂದಿನ ಪಡಸಾಲೆ. ಬಾಗಿಲ ಮೇಲೆ ಬಣ್ಣದಲ್ಲಿ ಬರೆದಿತ್ತು: ಅವಸರ ಇದ್ದವರು ಮುಂದಿನ ಅಂಗಡಿಗೆ ಹೋಗಿ. ಮುಂದೆ ಅಂಗಡಿಯೇ ಇರಲಿಲ್ಲ. ಓಣಿ ಅಲ್ಲಿಗೆ ಮುಗಿದು ಗೋಡೆ ಬರುತ್ತಿತ್ತು.

ಕೆಂಚವೀರಪ್ಪನಿಗೆ ಎಪ್ಪತ್ತು ದಾಟಿದೆ. ಒಣಗಿದ ಮೈ, ಖಾಕಿ ಅಂಗಿ, ಜೇಬಿನಲ್ಲಿ ಟೆಸ್ಟರ್. ನಾವು ಹೋದಾಗ ಎಡಗೈಯನ್ನು ಬೆನ್ನ ಹಿಂದೆ ಪಂಚೆಯ ಗಂಟಿಗೆ ಸಿಕ್ಕಿಸಿಕೊಂಡು ಬಲಗೈಯೊಂದರಲ್ಲೇ ಏನನ್ನೋ ಬೆಸೆಯುತ್ತಿದ್ದರು. ತಲೆ ಎತ್ತಲಿಲ್ಲ. ಕಾಲಿನಿಂದಲೇ ಸ್ಟೂಲನ್ನು ನಮ್ಮ ಕಡೆ ದೂಡಿದರು. ಆಮೇಲೆ ನಾನು ಕೊಟ್ಟ ಹಣ್ಣಿನ ಚೀಲವನ್ನೂ ಒಂದೇ ಕೈಯಲ್ಲಿ ತೆಗೆದುಕೊಂಡರು. ಎಷ್ಟು ಸೊಕ್ಕು ಈ ಮುದುಕನಿಗೆ ಎಂದುಕೊಂಡೆ.

ಅವರ ಹೆಂಡತಿ ಅಂಜಿನವ್ವ ಮಗಳಿಗೆ ಬಾಳೆಹಣ್ಣು ಸುಲಿದು ಕೊಡುತ್ತ ಗಂಡನ ಪುರಾಣ ಹೇಳಿದರು. ಹುಟ್ಟಿದ್ದು ಸಾರಥಿ ಎಂಬ ಹಳ್ಳಿಯಲ್ಲಿ. ಅಣ್ಣಂದಿರು ಭತ್ತದ ಗದ್ದೆಗೆ ಇಳಿದರೆ, ಇವರು ಹದಿನಾರನೇ ವಯಸ್ಸಿಗೆ ಮನೆ ಬಿಟ್ಟು ಹರಿಹರದ ಖಾಜಾ ಹುಸೇನ್ ಮೇಸ್ತ್ರಿಯ ಮೈಕ್‌ಸೆಟ್ ಅಂಗಡಿ ಸೇರಿದರಂತೆ. ಕಹಳೆಯಂಥ ಸ್ಪೀಕರು ತಲೆಯ ಮೇಲೆ ಹೊತ್ತು ನಡೆದು, ಬೇವಿನ ಮರ ಹತ್ತಿ ಕಟ್ಟಿ, ಸುತ್ತಲಿನ ಹಳ್ಳಿಗಳ ಮದುವೆಗಳಿಗೆಲ್ಲ ಹಾಡು ಹಾಕಿದರಂತೆ. ಆಮೇಲೆ ಎದೆ ನಡುಗಿಸುವ ದೊಡ್ಡ ದೊಡ್ಡ ಸ್ಪೀಕರುಗಳ ಕಾಲ ಬಂತು. ಇವರು ಕಹಳೆಗಳನ್ನು ಮಾರಿ ವಾಲ್ವ್ ರಿಪೇರಿಯೊಂದನ್ನೇ ಇಟ್ಟುಕೊಂಡರು. ಸಿಟ್ಟು ಮಾತ್ರ ಮಾರಲಿಲ್ಲ ಎಂದರು ಅಂಜಿನವ್ವ. ಒಮ್ಮೆ ಒಬ್ಬ ವಕೀಲರು, ಗುಂಯ್ ಅನ್ನುವ ಸದ್ದು ನಿಲ್ಲಬೇಕು, ಅರ್ಥ್ ವೈರು ಕಿತ್ತುಬಿಡಿ ಎಂದರಂತೆ. ಇವರು ವಕೀಲರ ರೇಡಿಯೊವನ್ನು ಓಣಿಯಲ್ಲಿಟ್ಟು ಬಾಗಿಲು ಹಾಕಿಕೊಂಡರಂತೆ. ಬೆಸೆಯುತ್ತಲೇ ಕೆಂಚವೀರಪ್ಪ, "ಆ ಕತೆ ಎಲ್ಲಾರಿಗೂ ಹೇಳ್ಬೇಕೇನ? ಗಿರಾಕಿ ಬಂದಾರೆ, ಓಡ್ಸಬ್ಯಾಡ" ಎಂದರು. "ಓಡ್ಸಾಕೆ ನೀವಿಲ್ವೇನು" ಎಂದರು ಅಂಜಿನವ್ವ.

ಅವರು ಕೇಳಿಸಿದ ಪೆಟ್ಟಿಗೆ ಬೂದು ಬಣ್ಣ ಬಳಿದ ಕಬ್ಬಿಣದ ಡಬ್ಬಿ. ಹಳೆಯ ಸಿನಿಮಾ ಟೆಂಟಿನ ಆಂಪ್ಲಿಫಯರಿನಿಂದ ಬಿಚ್ಚಿದ ಸಾಮಾನಿನಲ್ಲಿ ಅವರೇ ಕಟ್ಟಿದ್ದು. ಒಬ್ಬ ಹೆಂಗಸಿನ ಹಾಡು ಹಾಕಿದರು. ಅವಳು ಹಾಡಲು ಬಾಯಿ ತೆರೆಯುವ ಮುನ್ನ ಎಳೆದುಕೊಂಡ ಉಸಿರು ಕೇಳಿಸಿತು. ರಚ್ಚೆ ಹಿಡಿದಿದ್ದ ನನ್ನ ಮಗಳು ಬಾಳೆಹಣ್ಣನ್ನು ಬಾಯಲ್ಲೇ ಇಟ್ಟುಕೊಂಡು ಸುಮ್ಮನೆ ನಿಂತಳು. ನಾನು ಸುಳ್ಳು ಹೇಳುವುದಿಲ್ಲ, ಚೆನ್ನಾಗಿತ್ತು. ಚೆನ್ನಾಗಿದ್ದದ್ದಕ್ಕೇ ಇನ್ನಷ್ಟು ಸಿಟ್ಟು ಬಂತು, ಇನ್ನು ಕಿರಣ ಇದನ್ನು ಬಿಡುವುದಿಲ್ಲ ಎಂದು.

ಹಳೆಯದಲ್ಲವೇ, ಏನಾದರೂ ಆದರೆ ಎಂದು ಕೇಳಿದೆ. ಹಳೆಯದು ಹೊಸದು ಎಂದು ಇಡೀ ಪೆಟ್ಟಿಗೆಗೆ ಹೆಸರಿಡಬಾರದು ಎಂದರು. ಟ್ರಾನ್ಸ್‌ಫಾರ್ಮರ್ ಅಜ್ಜನ ಕಾಲದ್ದಿದ್ದರೂ ನಡೆಯುತ್ತದೆ, ಕಂಡೆನ್ಸರ್ ಮಾತ್ರ ಹಾಲಿನ ಹಾಗೆ, ಹಳಸುತ್ತದೆ, ಅದು ಈ ವರ್ಷದ್ದೇ ಇರಬೇಕು, ತಾನು ಹಾಗೇ ಹಾಕಿದ್ದೇನೆ ಎಂದರು. ನಾನು ಬಿಡಲಿಲ್ಲ. ಗ್ಯಾರಂಟಿ ಏನು ಎಂದೆ.

"ಹೊಸದಕ್ಕೆ ಒಂದ್ ವರ್ಷ ಕೊಡ್ತಾರೆ. ನಂದು ನಾನಿರೋ ತನ. ವರ್ಷಕ್ಕಿಂತ ಹೆಚ್ಚು ಬದುಕ್ತೀನೋ ಇಲ್ಲೋ, ನೀನೇ ನೋಡಿ ಹೇಳವ್ವ."

ಕಿರಣ ಆಗಲೇ ಒಪ್ಪಿ ಕೂತಿದ್ದ. ಆದರೆ ಕೆಂಚವೀರಪ್ಪ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಮತ್ತೆ ಕಪಾಟಿನಲ್ಲಿಟ್ಟರು.

"ಮೊದ್ಲು ಮನೆ ನೋಡ್ಬೇಕು. ಹೆಣ್ಣು ಕೊಡೋರು ಮನೆ ನೋಡ್ದೆ ಕೊಡ್ತಾರೇನ್ರಿ?"

ಮುಂದಿನ ಗುರುವಾರ ಬೆಳಿಗ್ಗೆ ಬಸ್ಸಿನಲ್ಲಿ ಬಂದರು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಅತ್ತೆಗೆ ಒಂದು ಆಸೆ ಇತ್ತು: ಮನೆ ನೋಡಲು ಬಂದವರು ಸಾಗುವಾನಿ ಬಾಗಿಲನ್ನೂ ಹಾಲಿನ ಗ್ರಾನೈಟನ್ನೂ ದೇವರಮನೆಯ ಕೆತ್ತನೆಯನ್ನೂ ನೋಡಲಿ ಎಂದು. ಈ ಮನುಷ್ಯ ಏನನ್ನೂ ನೋಡಲಿಲ್ಲ. ಒಂದು ಮಣೆ ಕೇಳಿದರು. ಮಣೆಯ ಮೇಲೆ ನಿಂತು, ಎಡಗೈ ಬೆನ್ನಿಗೆ ಸಿಕ್ಕಿಸಿ, ಚೀಲದಿಂದ ಒಂದು ಬಲ್ಬು ತೆಗೆದರು. ಬಲ್ಬಿನ ಹೋಲ್ಡರಿಗೆ ಎರಡು ವೈರು. ನಾನು ಹಾಕಿಸಿದ್ದ ಪ್ಲಾಸ್ಟಿಕ್ ಮುಚ್ಚಳ ಕಿತ್ತು, ಪ್ಲಗ್ಗಿನ ಕೆಳಗಿನ ಎರಡು ತೂತಿಗೆ ಎರಡು ವೈರು ಕೊಟ್ಟರು. ಬಲ್ಬು ಹತ್ತಿತು. ಆಮೇಲೆ ಒಂದು ವೈರನ್ನು ಮೇಲಿನ ದೊಡ್ಡ ತೂತಿಗೆ ಬದಲಾಯಿಸಿದರು. ಅದು ಅರ್ಥಿನ ತೂತು. ಕಬ್ಬಿಣದ ಮೈಗೆ ಕರೆಂಟು ಸೋರಿದರೆ ಅದನ್ನು ಮನುಷ್ಯರ ಮೈಯೊಳಗೆ ಬಿಡದೆ ಮಣ್ಣಿಗೆ ಇಳಿಸುವ ದಾರಿ. ಬಲ್ಬು ಹತ್ತಲಿಲ್ಲ. ರೂಮಿನಲ್ಲಿ ನೋಡಿದರು, ಅಡುಗೆಮನೆಯಲ್ಲಿ ನೋಡಿದರು, ಬಚ್ಚಲಿನ ಗೀಸರಿನ ಪ್ಲಗ್ಗಿನಲ್ಲೂ ನೋಡಿದರು. ಎಲ್ಲೂ ಹತ್ತಲಿಲ್ಲ.

"ಅರ್ಥ್ ಗುಂಡಿ ಎಲ್ಲೈತ್ರಿ?" ಎಂದು ಕೇಳಿದರು. ನಮಗೆ ಯಾರಿಗೂ ಗೊತ್ತಿರಲಿಲ್ಲ. ಕಂಟ್ರಾಕ್ಟರು ಎಲ್ಲೋ ಹಾಕಿರುತ್ತಾನೆ ಎಂದ ಕಿರಣ.

"ಈ ಮನೆಗೆ ನಮ್ಮ ಪೆಟ್ಟಿಗೆ ಕೊಡಾಕಾಗಲ್ಲ. ಮೊದ್ಲು ಗುಂಡಿ ತೋಡಿಸ್ರಿ. ಕೂಸು ಓಡಾಡೋ ಮನೆ ಇದು."

ಮಗುವಿನ ಹೆಸರೆತ್ತಿದ್ದೇ ನನಗೆ ಬೆಂಕಿ ಹತ್ತಿತು. ಇಷ್ಟೆಲ್ಲ ಮುಚ್ಚಳ, ರಬ್ಬರು, ಕಾವಲು ಇಟ್ಟುಕೊಂಡ ನನಗೆ, ಯಾವನೋ ಬಸ್ಸಿಳಿದು ಬಂದು ಮಗುವಿನ ಪಾಠ ಹೇಳುತ್ತಾನೆಯೇ?

"ನಿಮ್ಮ ಬಲ್ಬೇ ಕೆಟ್ಟಿರ್ಬೇಕು ನೋಡ್ಕೊಳ್ರಿ ಅಜ್ಜಾ. ನಿಮ್ಮ ಹಳೇ ಡಬ್ಬಿ ಸರಿ ಇಲ್ಲ ಅಂದ್ರೆ ಇಲ್ಲ ಅನ್ರಿ. ನಮ್ಮ ಹೊಸಾ ಮನೆಗೆ ಹೆಸರಿಡಬ್ಯಾಡ್ರಿ."

ಅವರು ಮಣೆಯಿಂದ ಇಳಿದರು. ವೈರು ಸುತ್ತಿ ಬಲ್ಬನ್ನು ಚೀಲಕ್ಕೆ ಹಾಕಿಕೊಂಡರು. ಅತ್ತೆ ನೀರಿನ ಲೋಟ ಮುಂದೆ ಮಾಡಿದಾಗ, ಸಂಬಂಧ ಕೂಡದ ಮನೆಯಲ್ಲಿ ನೀರು ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ ಎಂದು ಹೇಳಿ ಚಪ್ಪಲಿ ಮೆಟ್ಟಿದರು.

ಅವರು ಗೇಟು ದಾಟುವ ಮೊದಲೇ ಅತ್ತೆ ಉಪ್ಪು ಮೆಣಸಿನಕಾಯಿ ತಂದು ಮಗಳಿಗೆ ದೃಷ್ಟಿ ತೆಗೆದರು. ಕಿರಣ ಕಂಟ್ರಾಕ್ಟರಿಗೆ ಫೋನು ಮಾಡಿದ. ಅವನು ಹೆಂಡತಿ ಮಕ್ಕಳ ಮೇಲೆ ಆಣೆ ಇಟ್ಟ: ಅರ್ಥಿಂಗು ನಾನೇ ನಿಂತು ಹಾಕಿಸಿದ್ದೇನೆ, ನಿಮ್ಮ ಬಿಲ್ಲಿನಲ್ಲೂ ಇದೆ, ತೆಗೆದು ನೋಡಿ. ತೆಗೆದು ನೋಡಿದೆವು, ಇತ್ತು. ಅಲ್ಲಿಗೆ ಮುದುಕ ಸುಳ್ಳ ಎಂದು ತೀರ್ಮಾನವಾಯಿತು. ಒಂದೇ ವಾರದಲ್ಲಿ ಹೊಸ ಪ್ರಿ-ಆಂಪ್ ಬಂತು. ಥರ್ಮಾಕೋಲಿನ ಮಧ್ಯೆ ಕೂಸಿನ ಹಾಗೆ ಮಲಗಿತ್ತು. ಬೆಳ್ಳಿ ಬಣ್ಣದ ಮುಖ, ನೀಲಿ ದೀಪ, ವರ್ಷದ ಗ್ಯಾರಂಟಿ ಕಾರ್ಡು. ಆ ಕಾರ್ಡನ್ನು ನಾನು ಆಧಾರ್ ಕಾರ್ಡುಗಳ ಜೊತೆ ಎತ್ತಿಟ್ಟೆ. ಗೆದ್ದೆ ಎಂದುಕೊಂಡೆ.

ಗೆದ್ದ ಪೆಟ್ಟಿಗೆ ಮೊದಲ ದಿನದಿಂದಲೇ ಗುಂಯ್ ಅನ್ನುತ್ತಿತ್ತು. ಕಿರಣ ವೈರುಗಳನ್ನು ಆ ಕಡೆ ಈ ಕಡೆ ಮಾಡುತ್ತ ವಾರ ಕಳೆದ. ಒಂದು ದಿನ ಅದರ ಧೂಳು ಒರೆಸುವಾಗ ನನ್ನ ಬೆರಳು ಜುಮ್ ಅಂದಿತು. ರಕ್ತ ಕಡಿಮೆಯಾಗಿರಬೇಕು ಎಂದುಕೊಂಡು ಕಬ್ಬಿಣಾಂಶದ ಮಾತ್ರೆ ನುಂಗಿದೆ. ಇದನ್ನು ಬರೆಯುವಾಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಒಂದು ಮಂಗಳವಾರ ಬೆಳಿಗ್ಗೆ ನೆಲ ಒರೆಸಿ ಇನ್ನೂ ಹಸಿ ಇತ್ತು. ಕಿರಣ ಅಂಗಡಿಗೆ ಹೋಗುವ ಮುಂಚೆ ಒಂದು ರೆಕಾರ್ಡು ಹಾಕಿಕೊಂಡು ನಿಂತಿದ್ದ. ಮಗಳು ಬರಿಗಾಲಲ್ಲಿ ಓಡಿಬಂದು, ಆ ನೀಲಿ ದೀಪದ ಪಕ್ಕ, ಬೆಳ್ಳಿ ಮುಖಕ್ಕೆ ಅಂಗೈ ಇಟ್ಟಳು. ಅವಳು ಕಿರುಚಿದ ಸದ್ದು ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿತು. ನಾನು ಬರುವಷ್ಟರಲ್ಲಿ ಹಿಂದಕ್ಕೆ ಬಿದ್ದಿದ್ದಳು. ಕಿರಣ ಅವಳ ಕಡೆ ತಿರುಗುವ ಮೊದಲು ರೆಕಾರ್ಡಿನ ಮೇಲಿನ ಸೂಜಿ ಎತ್ತಿದ. ಗೀರು ಬೀಳಬಾರದಲ್ಲ. ಅರ್ಧ ಕ್ಷಣ, ಅಷ್ಟೇ. ಆ ಅರ್ಧ ಕ್ಷಣವನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಮಗುವಿಗೆ ಏನೂ ಆಗಿಲ್ಲ ಎಂದರು ಡಾಕ್ಟರು. ಪೆಟ್ಟಿಗೆ ಮಾರಿದವರಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಅವರು ಎಲ್ಲ ಕೇಳಿಸಿಕೊಂಡು, ಮೇಡಂ ನಿಮ್ಮ ಮನೆಯ ಅರ್ಥಿಂಗ್ ಒಮ್ಮೆ ನೋಡಿಸಿ ಎಂದರು. ಆಗ ನನಗೆ ಆ ಬಲ್ಬು ನೆನಪಾಯಿತು. ನಾಲ್ಕು ಕಡೆ ಇಟ್ಟರೂ ಹತ್ತದ ಬಲ್ಬು. ಗೊತ್ತಿದ್ದೂ ಚೀಲಕ್ಕೆ ಹಾಕಿಕೊಂಡು ಹೋದನಲ್ಲ ಆ ಮನುಷ್ಯ! ಎಲೆಕ್ಟ್ರಿಷಿಯನ್‌ನನ್ನು ಕರೆಸೋಣ ಎಂದ ಕಿರಣ. ಕರೆಸು, ನಾನು ಮೊದಲು ಆ ಮುದುಕನನ್ನು ಕೇಳಿ ಬರುತ್ತೇನೆ ಎಂದು ಮಾರನೇ ದಿನ ಮಗಳನ್ನು ಸೊಂಟದ ಮೇಲೆ ಕೂಡಿಸಿಕೊಂಡು ಹರಿಹರದ ಬಸ್ಸು ಹತ್ತಿದೆ. ಮಗುವನ್ನು ಆ ಮನೆಯಲ್ಲಿ ಬಿಟ್ಟುಹೋಗುವ ಧೈರ್ಯ ನನಗಿರಲಿಲ್ಲ.

ಹೊಸ್ತಿಲಲ್ಲೇ ನಿಂತು ಶುರು ಮಾಡಿದೆ. ಗೊತ್ತಿತ್ತಲ್ಲ ನಿಮಗೆ, ಕೂಡಿಸಿ ಹೇಳಬೇಕಿತ್ತು, ಗದರಿಸಿ ಹೇಳಬೇಕಿತ್ತು, ನೀರು ಕುಡಿಯದೆ ಎದ್ದುಹೋಗುವ ಜಂಬ ಇತ್ತು, ಒಂದು ಮಾತು ಜಾಸ್ತಿ ಆಡುವ ಮನಸ್ಸಿರಲಿಲ್ಲವೇ ಎಂದೆ. ಅಂಜಿನವ್ವ ಒಳಗಿನಿಂದ ಓಡಿಬಂದರು. ಕೆಂಚವೀರಪ್ಪ ಬೆಸುಗೆಯ ಕಡ್ಡಿ ಕೆಳಗಿಟ್ಟು ಕೇಳಿದ್ದು ಒಂದೇ.

"ಕೂಸಿಗೆ ಏನಾತು?"

ಹೇಳಿದೆ. ಎದ್ದು ಬಂದು ಮಗಳ ಅಂಗೈಯನ್ನು ಬಲಗೈಯಲ್ಲಿ ಹಿಡಿದರು. ಬಿಡಿಸಿ ನೋಡಲು ಇನ್ನೊಂದು ಕೈ ಬೇಕಾಯಿತು. ಮೊದಲ ಸಲ ಬೆನ್ನ ಹಿಂದಿನಿಂದ ಆ ಎಡಗೈ ಹೊರಗೆ ಬಂತು. ಎರಡು ಬೆರಳು ಸುಟ್ಟು ಒಣಗಿ ಕೊಕ್ಕೆಯಂತೆ ಬಾಗಿದ್ದವು. ಸೊಕ್ಕು ಎಂದುಕೊಂಡಿದ್ದೆನಲ್ಲ ನಾನು.

ಸುಟ್ಟಿಲ್ಲ ಎಂದು ಖಾತ್ರಿಯಾದ ಮೇಲೆ ಅವರ ಸಿಟ್ಟು ಹೊರಗೆ ಬಂತು. ಕೂಗಲಿಲ್ಲ, ಹಲ್ಲು ಕಚ್ಚಿಕೊಂಡು ಮಾತಾಡಿದರು.

"ಹೇಳಿದ್ದೆ ತಾಯಿ. ಬಲ್ಬು ಕೆಟ್ಟೈತೆ ಅಂದೆಲ್ಲ ನೀನು. ಇವತ್ತು ಜುಮ್ ಅಂದೈತೆ. ನಾಳೆ ಒಳಗೆ ಒಂದ್ ವೈರು ಜಾರಿದ್ರೆ ಜುಮ್ ಅನ್ನಲ್ಲ ಅದು."

ಆಮೇಲೆ ಖಾಜಾ ಹುಸೇನ್ ಮೇಸ್ತ್ರಿಯ ಕತೆ ಹೇಳಿದರು. ಲೋಕಿಕೆರೆ ಕಡೆಯ ಒಂದು ಮದುವೆ, ಐವತ್ತು ವರ್ಷದ ಹಿಂದಿನ ಮಾತು. ಎಲ್ಲಿ ಮೈಕ್‌ಸೆಟ್ ಹಾಕಿದರೂ ಮೊದಲು ನೆಲಕ್ಕೆ ಒಂದು ಕಬ್ಬಿಣದ ಗೂಟ ಹೊಡೆದು, ಉಪ್ಪುನೀರು ಹೊಯ್ದು, ಪೆಟ್ಟಿಗೆಯಿಂದ ಅದಕ್ಕೊಂದು ವೈರು ಕಟ್ಟುವುದು ಮೇಸ್ತ್ರಿಯ ಕ್ರಮ. ಅದೇ ಅರ್ಥ್. ಕರೆಂಟಿನ ಪೆಟ್ಟಿಗೆ ಮುಟ್ಟುವಾಗ ಒಂದು ಕೈ ಬೆನ್ನಿಗಿರಬೇಕು, ಎರಡೂ ಕೈ ಮುಂದೆ ಬಂದರೆ ಕರೆಂಟು ಎದೆ ದಾಟುತ್ತದೆ ಎಂದು ಕಲಿಸಿದವರೂ ಅವರೇ. ಆ ದಿನ ಗಾಳಿಗೆ ಚಪ್ಪರ ಅಲುಗಿತಂತೆ. ಮದುವೆಮನೆಯವರು ಯಾರೋ, ಹಗ್ಗ ಕಟ್ಟಲು ಗೂಟ ಬೇಕೆಂದು ಅದನ್ನೇ ಕಿತ್ತುಕೊಂಡು ಹೋದರಂತೆ. ಕಿತ್ತವರಿಗೆ ಅದು ಬರೀ ಗೂಟ. ಹಸಿ ನೆಲದ ಮೇಲೆ ನಿಂತಿದ್ದ ಮೇಸ್ತ್ರಿ, ಹಿರಿಯರೊಬ್ಬರಿಗೆ ಮಾತಾಡಲು ಕೊಡೋಣವೆಂದು ಮೈಕು ಹಿಡಿದರು. ಬಿಡಲಾಗಲಿಲ್ಲ. ಇಪ್ಪತ್ತೆರಡು ವರ್ಷದ ಕೆಂಚವೀರಪ್ಪ ಕಲಿತದ್ದೆಲ್ಲ ಮರೆತು ಎರಡೂ ಕೈಯಲ್ಲಿ ಅವರನ್ನು ಎಳೆದರು. ಎಡಗೈ ಹೋಯಿತು. ಮೇಸ್ತ್ರಿ ಉಳಿಯಲಿಲ್ಲ.

"ಹಳೇ ಪೆಟ್ಟಿಗೆ ಕೊಂದುಬಿಡ್ತು ಅಂತ ಪೆಟ್ಟಿಗೆ ಸುಟ್ರು. ಗೂಟ ಕಿತ್ತೋರು ಯಾರು ಅಂತ ಒಬ್ಬರೂ ಕೇಳ್ಲಿಲ್ಲ. ಕಿತ್ತೋನಿಗೆ ಇವತ್ತಿಗೂ ಗೊತ್ತಿಲ್ಲ ಅವನು ಏನು ಮಾಡ್ದ ಅಂತ."

ಮಗಳು ನನ್ನ ಸೆರಗು ಜಗ್ಗುತ್ತಿದ್ದಳು. ಕೆಂಚವೀರಪ್ಪ ಒಂದು ಹಾಳೆ ತೆಗೆದುಕೊಂಡು, ಎಲೆಕ್ಟ್ರಿಷಿಯನ್ನಿಗೆ ಹೀಗೇ ಮಾಡು ಎಂದು ಹೇಳು ಎಂದು ಬರೆಯುತ್ತ ಹೇಳತೊಡಗಿದರು. ಮನೆಯ ಹಿಂದೆ ತೇವ ಇರುವ ಮೂಲೆ ನೋಡಬೇಕು. ಆಳುದ್ದ ಗುಂಡಿ. ಕೆಳಗೆ ತಾಮ್ರದ ತಗಡು, ತಗಡಿಗೆ ವೈರು. ಅದರ ಸುತ್ತ ಇದ್ದಿಲು, ಅದರ ಮೇಲೆ ಉಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು…

ನಿಲ್ಲಿಸಿ ಎಂದೆ. ಅಂಜಿನವ್ವ ಮಗುವನ್ನು ಎತ್ತಿಕೊಂಡರು.

ಮಗಳು ಹೊಟ್ಟೆಯಲ್ಲಿದ್ದ ಕಾಲದ ಮಾತು, ಆಗ ನನಗೆ ಏಳು ತಿಂಗಳು. ಹೊಸ ಮನೆಗೆ ಬಂದು ಎರಡು ತಿಂಗಳಾಗಿತ್ತು. ಕಿರಣ ಸರಕು ತರಲು ಸೂರತ್ತಿಗೆ ಹೋಗಿದ್ದ. ಹಿತ್ತಲಿನ ಮೂಲೆಯಲ್ಲಿ ಕರಿಬೇವು ನೆಡಬೇಕೆಂದು ನಾನೇ ಆಸೆಪಟ್ಟು ಕೂಲಿ ಕೆಲಸದ ಜಂಬಯ್ಯನನ್ನು ಕರೆಸಿ ಅಗೆಸಿದೆ. ಮೊಣಕಾಲುದ್ದ ಅಗೆಯುವುದರಲ್ಲಿ ಬೆಳ್ಳನೆ ಉಪ್ಪು, ಕರ್ರನೆ ಇದ್ದಿಲು. ಅದರ ಕೆಳಗೆ ಒಂದು ತಾಮ್ರದ ತಗಡು, ತಗಡಿಗೆ ಸುತ್ತಿದ ತಂತಿ. ಜಂಬಯ್ಯ ಸನಿಕೆ ಬಿಸಾಕಿ ದೂರ ನಿಂತ. ಅತ್ತೆ ಎದೆ ಬಡಿದುಕೊಂಡರು. ಮಾಟ. ಬಸುರಿ ಇರುವ ಮನೆಗೆ ಯಾರೋ ಮಾಟ ಮಾಡಿಸಿ ಹೂತಿದ್ದಾರೆ. ನಾನು ಹೊಟ್ಟೆ ಹಿಡಿದುಕೊಂಡು ಅಳುತ್ತ ಕೂತೆ. ಅತ್ತೆ ಜಂಬಯ್ಯನ ಕೈಯಲ್ಲಿ ತಂತಿ ಕತ್ತರಿಸಿ ಹಾಕಿಸಿದರು. ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ, ಆಟೋ ಮಾಡಿಕೊಂಡು ಇದೇ ಹರಿಹರಕ್ಕೆ ಬಂದು ಸೇತುವೆಯ ಮೇಲಿಂದ ಹೊಳೆಗೆ ಬಿಟ್ಟೆವು. ತಿರುಗಿ ನೋಡದೆ ಹೋಗಬೇಕು ಎಂದರು, ತಿರುಗಿ ನೋಡದೆ ಹೋದೆವು. ಗಂಡಸರಿಗೆ ಹೇಳಬಾರದು ಎಂದರು, ಹೇಳಲಿಲ್ಲ. ಮಾಡಿಸಿದವಳು ತಮ್ಮ ವಾರಗಿತ್ತಿಯೇ ಎಂದು ಅತ್ತೆ ತೀರ್ಮಾನಿಸಿದರು. ಆಕೆಯನ್ನು ಮಗಳ ನಾಮಕರಣಕ್ಕೂ ಕರೆಯಲಿಲ್ಲ.

ನಾನು ಬಿಎಸ್ಸಿ ಓದಿದವಳು. ಎಸ್ಸೆಸ್ಸೆಲ್ಸಿಯಲ್ಲಿ ಅರ್ಥಿಂಗಿನ ಚಿತ್ರ ಬಿಡಿಸಿ, ಭಾಗಗಳನ್ನು ಗುರುತಿಸಿ, ಐದಕ್ಕೆ ಐದು ಅಂಕ ತೆಗೆದುಕೊಂಡವಳು. ಪುಸ್ತಕದ ಆ ಗುಂಡಿ ನನ್ನ ಹಿತ್ತಲಿನಲ್ಲಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಎರಡೂವರೆ ವರ್ಷ ನನ್ನ ಮಗುವಿಗೆ ಆ ಗೀಸರಿನ ಕೆಳಗೆ ನೀರು ಹೊಯ್ದಿದ್ದೇನೆ. ಪ್ಲಾಸ್ಟಿಕ್ ಮುಚ್ಚಳ ಹಾಕುತ್ತ ತಿರುಗಿದ್ದೇನೆ.

ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ. ಕೆಂಚವೀರಪ್ಪ ಬರೆಯುತ್ತಿದ್ದ ಹಾಳೆಯನ್ನು ಮಡಚಿಟ್ಟರು. ಆಮೇಲೆ ಕೇಳಿದರು, "ಮೊಣಕಾಲುದ್ದಕ್ಕೇ ಸಿಕ್ತಾ?" ಹೂಂ ಎಂದೆ.

"ಹಂಗಾದ್ರೆ ಆ ಕಂಟ್ರಾಕ್ಟರೂ ಅರ್ಧ ಕಳ್ಳನೇ. ಇರ್ಲಿ, ಹೊಳೆಯಾಗಿನ ಮೀನಿಗೆ ಅರ್ಥಿಂಗ್ ಆತು." ನಗು ಬರಲಿಲ್ಲ ನನಗೆ, ಅವರಿಗೂ ಬಂದಿರಲಿಲ್ಲ. "ಗೂಟ ಕಿತ್ತೋರು ಎದುರಿಗೆ ಬಂದು ನಾನೇ ಕಿತ್ತೆ ಅಂದದ್ದು ಇವತ್ತೇ ನೋಡಿದ್ದು. ಮನೆಗೆ ಹೋಗಿ ಮೊದ್ಲು ಗೀಸರ್ ಬಂದ್ ಮಾಡು. ಭಾನುವಾರ ಬರ್ತೀನಿ."

ಮನೆಯಲ್ಲಿ ಹೇಳಿದಾಗ ಕಿರಣ ಮೊದಲು ನಕ್ಕುಬಿಟ್ಟ. ಸೂಜಿ ಎತ್ತಿದವನು ನಗಬೇಡ ಎಂದೆ. ಆಮೇಲೆ ಎದ್ದು ಹೋಗಿ ಗೀಸರು ಆರಿಸಿ ಬಂದ. ಅತ್ತೆ, ಅಳುತ್ತ ಕೂತವಳು ನೀನೇ ಅಲ್ಲವೇ ಎಂದು ನನ್ನ ಮೇಲೆ ಹಾಕಿದರು. ಕತ್ತರಿಸಿದವರು ನೀವು ಎಂದು ನಾನು ಅವರ ಮೇಲೆ ಹಾಕಿದೆ. ಮನೆಯಲ್ಲಿ ಮೂರು ದಿನ ತಣ್ಣೀರು ಸ್ನಾನ, ಬಿಸಿ ಮಾತು.

ಭಾನುವಾರ ಕೆಂಚವೀರಪ್ಪ ತಾಮ್ರದ ತಗಡು ತಂದರು. ಕರಿಬೇವಿನ ಗಿಡವನ್ನು ಕಿತ್ತು ಪಕ್ಕಕ್ಕೆ ನೆಟ್ಟು ಜಂಬಯ್ಯ ಅದೇ ಮೂಲೆಯನ್ನು ಆಳುದ್ದ ಅಗೆದ. ಗೋಡೆಯ ಬುಡದಲ್ಲಿ ನಾವು ಕತ್ತರಿಸಿದ ತಂತಿಯ ತುದಿ ಸಿಕ್ಕಿತು, ಹಸಿರುಗಟ್ಟಿತ್ತು. ಉಪ್ಪು ಸುರಿಯುವ ಹೊತ್ತಿಗೆ ಜಂಬಯ್ಯನೇ ಹಿಂಜರಿದ. ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ಬಾಯಲ್ಲಿ ಏನೋ ಪಠಿಸುತ್ತಿದ್ದರು. ಕೊಡಿಲ್ಲಿ ಎಂದು ನಾನೇ ಚೀಲ ಎಳೆದುಕೊಂಡು ಸುರಿದೆ. ಒಂದು ಪದರ ಇದ್ದಿಲು, ಒಂದು ಪದರ ಉಪ್ಪು. ಒಂದೊಂದು ಚೀಲಕ್ಕೂ ಒಬ್ಬೊಬ್ಬರ ಮೇಲೆ ಸಿಟ್ಟು ಬರುತ್ತಿತ್ತು. ಕೊನೆಯ ಎರಡು ಚೀಲ ನನ್ನ ಮೇಲಿನವು.

ಆಮೇಲೆ ಕೆಂಚವೀರಪ್ಪ ಬಲ್ಬನ್ನು ನನ್ನ ಕೈಗೆ ಕೊಟ್ಟರು. ನೀನೇ ನೋಡು, ನಾನು ನೋಡಿದರೆ ನಿನಗೆ ನಂಬಿಕೆ ಇಲ್ಲ ಎಂದರು. ಮಣೆಯ ಮೇಲೆ ನಿಂತೆ. ಎಡಗೈ ಎಂದು ಗದರಿದರು. ಬೆನ್ನಿಗೆ ಇಟ್ಟುಕೊಂಡೆ. ಹಾಲಿನಲ್ಲಿ ಹತ್ತಿತು. ರೂಮಿನಲ್ಲಿ ಹತ್ತಿತು. ಅಡುಗೆಮನೆ. ಬಚ್ಚಲಿನ ಪ್ಲಗ್ಗಿನಲ್ಲಿ ಹತ್ತಿದ ಮೇಲೂ ವೈರು ತೆಗೆದು ಇನ್ನೊಂದು ಸಲ ಕೊಟ್ಟು ನೋಡಿದೆ. ಹೊಸ ಪ್ರಿ-ಆಂಪಿನ ಗುಂಯ್ ಸದ್ದೂ ನಿಂತಿತ್ತು. ಅದರ ಬೆಳ್ಳಿ ಮುಖಕ್ಕೆ ನಾನೇ ಹಸಿ ಕೈ ಇಟ್ಟು ನೋಡಿದೆ. ಏನೂ ಇಲ್ಲ.

ಕಿರಣನಿಗೆ ಹಳೆಯ ಆಸೆ ಚಿಗುರಿತು. ಹೊಸದನ್ನು ವಾಪಸು ಕಳಿಸುತ್ತೇನೆ, ಈಗಲಾದರೂ ನಿಮ್ಮದು ಕೊಡಿ ಎಂದ.

"ಮನೆ ಈಗ ಕೊಡಂಗೈತೆ. ಆದ್ರೆ ಒಬ್ಬಾಕೆ ಆಗ್ಲೇ ಬಂದು ಕುಂತಾಳಲ್ಲ. ಅವಳದೇನು ತಪ್ಪಿಲ್ಲ. ಎರಡನೇ ಸಂಬಂಧಕ್ಕೆ ನಾನು ಹೆಣ್ಣು ಕೊಡಲ್ಲ."

ಹೊಸದೇ ಉಳಿಯಿತು. ಕಂಡೆನ್ಸರು ಹೋದಾಗ ಹರಿಹರಕ್ಕೆ ಒಯ್ಯಬೇಕು ಎಂದಾಗಿದೆ. ಗ್ಯಾರಂಟಿ ಕಾರ್ಡು ಇನ್ನೂ ಆಧಾರ್ ಕಾರ್ಡುಗಳ ಜೊತೆಯೇ ಇದೆ, ತೆಗೆಯಲು ನಾಚಿಕೆ. ವಾರಗಿತ್ತಿಗೆ ಫೋನು ಮಾಡಿ ಎಂದು ಅತ್ತೆಗೆ ದಿನವೂ ಹೇಳುತ್ತಿದ್ದೇನೆ. ನಾಳೆ ಎನ್ನುತ್ತಾರೆ.

ಆ ದಿನ ಅತ್ತೆ ಬೆಳ್ಳಿ ಲೋಟದಲ್ಲಿ ನೀರು ತಂದು, ಕೊಡಲೋ ಬೇಡವೋ ಎಂದು ಅಷ್ಟು ದೂರದಲ್ಲೇ ನಿಂತಿದ್ದರು. ಕೆಂಚವೀರಪ್ಪ ತಾವೇ ಕೈ ಚಾಚಿ ತೆಗೆದುಕೊಂಡು, ಎತ್ತಿ, ಗಟಗಟ ಕುಡಿದು ಲೋಟವನ್ನು ಬೋರಲು ಹಾಕಿದರು. ಬೇಸಿಗೆಯಲ್ಲಿ ಗುಂಡಿಗೆ ದಿನಾ ಒಂದು ಕೊಡ ನೀರು ಹಾಕಬೇಕು, ತುಳಸಿಗೆ ಹಾಕಿದ ಹಾಗೆ ಎಂದು ಅತ್ತೆಗೇ ಹೇಳಿದರು. ಅತ್ತೆ ತಲೆ ಆಡಿಸಿದರು. ಗೇಟಿನ ಹತ್ತಿರ ಚಪ್ಪಲಿ ಮೆಟ್ಟುತ್ತ ಕೆಂಚವೀರಪ್ಪ ಚೀಲದಿಂದ ಆ ಬಲ್ಬು, ವೈರು ತೆಗೆದು ನನ್ನ ಕೈಯಲ್ಲಿಟ್ಟರು.

"ತಿಂಗಳಿಗೊಂದ್ಸಲ ಹಚ್ಚಿ ನೋಡು. ಕೆಟ್ಟಿಲ್ಲ ಇದು."